ಹೀಲಿಯಂ ಮನೆಯ ಮಂದ್ರ

ಕಡಲ ತಳಕ್ಕೆ ಇಳಿದ ಮೊದಲ ವಾರದಲ್ಲೇ ಯಮುನಾ ಹರಿಕಂತ್ರ ತನ್ನ ಬೇಸ್ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿ, ಮುಖ ಸಿಂಡರಿಸಿದಳು. ತದಡಿಯ ಮದುವೆ ಚಪ್ಪರಗಳಲ್ಲಿ ಕೂತವರ ಎದೆಯನ್ನೇ ನಡುಗಿಸುತ್ತಿದ್ದ ತಂತಿ ಅದು. ಈಗ ಅದರಿಂದ ಹೊರಟದ್ದು ಖಾಲಿ ಎಣ್ಣೆ ಡಬ್ಬಿಗೆ ಬೆರಳು ಬಡಿದಂಥ ಸದ್ದು.

‘ಇದೆಂತದು, ಬಾತುಕೋಳಿ ಹೊಟ್ಟೆಗೆ ಹೊಡದ್ಹಾಂಗೆ ಕೇಳ್ತದಲ್ಲ!’ ಎಂದು ಬೀರಣ್ಣ ನಾಯಕ ನಕ್ಕ. ಅವನ ನಗುವೂ ಬಾತುಕೋಳಿಯದೇ. ಇಲ್ಲಿ ಎಲ್ಲರ ದನಿಯೂ ಹಾಗೆಯೇ.

ಅವರಿದ್ದ ಕಡಲಡಿಯ ಮನೆ, ಮಕರ ನಿಲಯ, ನಿಂತಿದ್ದುದು ತದಡಿ ಬಂದರಿನಿಂದ ಬಹುದೂರ ಪಡುವಣಕ್ಕೆ, ಕಡಲ ತಳ ಜಾರುಬಂಡೆಯಂತೆ ಆಳಕ್ಕೆ ಇಳಿಯತೊಡಗುವ ಅಂಚಿನಲ್ಲಿ. ಎರಡು ಉಕ್ಕಿನ ಉರುಳೆಗಳು, ನಡುವೆ ಅವನ್ನು ಕೂಡಿಸುವ ದಪ್ಪ ರಬ್ಬರಿನ ಓಣಿ. ಒಂದು ಉರುಳೆ ಅಡುಗೆಗೂ ಕೆಲಸಕ್ಕೂ, ಇನ್ನೊಂದು ಮಲಗುವುದಕ್ಕೆ. ಓಣಿಯ ಕೆಳಗೆ ನೀರಿಗಿಳಿಯುವ ಬಾಗಿಲು. ಒಳಗಿನ ಒತ್ತಡವನ್ನು ಹೊರಗಿನ ನೀರಿನ ಒತ್ತಡಕ್ಕೆ ಸಮ ಮಾಡಿದ್ದರಿಂದ ಆ ಬಾಗಿಲು ತೆರೆದಿದ್ದರೂ ಕಡಲು ಒಳಗೆ ನುಗ್ಗದೆ ಬಾವಿಯ ನೀರಿನಂತೆ ತಣ್ಣಗೆ ನಿಂತಿರುತ್ತಿತ್ತು. ಅಷ್ಟು ಒತ್ತಡದಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ ಅದರ ನೈಟ್ರೋಜನ್ ಹೆಂಡದಂತೆ ತಲೆಗೇರುತ್ತದೆ. ಆದ್ದರಿಂದ ಅಲ್ಲಿ ಹೀಲಿಯಂ, ಅದರಲ್ಲಿ ಚಿಟಿಕೆಯಷ್ಟು ಆಮ್ಲಜನಕ. ಹೀಲಿಯಮ್ಮಿನಲ್ಲಿ ಸದ್ದು ಎರಡೂವರೆ ಪಟ್ಟು ವೇಗವಾಗಿ ಓಡುತ್ತದೆ. ಗಂಟಲಿನ ಪೊಳ್ಳಿನಲ್ಲಿ ಮೊಳಗುವ ದನಿಯ ಬಣ್ಣವೇ ಬದಲಾಗುತ್ತದೆ. ಗಂಡಸು ಹೆಂಗಸು ಎಲ್ಲರೂ ಬಾತುಕೋಳಿಗಳಾಗುವುದು ಹೀಗೆ. ಹೀಲಿಯಂ ಮೈಯ ಬಿಸಿಯನ್ನೂ ಕದಿಯುತ್ತದೆ. ಸೆಕೆಗಾಲದಷ್ಟು ಬೆಚ್ಚಗೆ ಇಟ್ಟ ಕೋಣೆಯಲ್ಲೂ ಕಂಬಳಿ ಹೊದೆಯಬೇಕು.

ತಳದ ಕೆಸರಿನಲ್ಲಿ ಸಿಕ್ಕಿಕೊಂಡ ಅನಿಲ ಎಲ್ಲಿಂದ ಬರುತ್ತದೆ, ಯಾವಾಗ ಸಿಡಿಯುತ್ತದೆ ಎಂದು ಅರಿಯುವುದಕ್ಕಾಗಿ ಅಲ್ಲಿ ಜನ ಇರುತ್ತಿದ್ದರು. ಬೀರಣ್ಣ ಅಂಕೋಲೆಯ ಭೂವಿಜ್ಞಾನಿ. ಕೊರೆಯುವ ಕೆಲಸ ಅವನದು. ಭಟ್ಕಳದ ರವೂಫ್ ಶಾಬಂದ್ರಿ ನಿಲಯದ ಮುಖ್ಯಸ್ಥರು, ಎಂಜಿನಿಯರ್. ಲಿಯೊನಾ ಡಯಾಸ್ ವೈದ್ಯೆ. ಯಮುನಾಳ ಕೆಲಸ ಸದ್ದಿನದು: ನೀರೊಳಗಿನ ಮೈಕುಗಳು, ಹೊರಗೆ ಹೋದವರೊಡನೆ ಮಾತಾಡುವ ಯಂತ್ರ, ಮತ್ತು ಬಾತುಕೋಳಿ ದನಿಯನ್ನು ಮನುಷ್ಯರ ದನಿಗೆ ತಿರುಗಿಸಿ ದಡಕ್ಕೆ ಕಳಿಸುವ ಪೆಟ್ಟಿಗೆ. ಅದಕ್ಕೆ ಎಲ್ಲರೂ ತಿದ್ದುಪೆಟ್ಟಿಗೆ ಎನ್ನುತ್ತಿದ್ದರು.

ತಿದ್ದುಪೆಟ್ಟಿಗೆ ಮಾತನ್ನು ತಿದ್ದುತ್ತಿತ್ತು, ನಿಜ. ಆದರೆ ಅದರಲ್ಲಿ ಹಾಯ್ದು ಬಂದ ದನಿ ರೈಲ್ವೆ ನಿಲ್ದಾಣದ ಘೋಷಣೆಯಂತಿರುತ್ತಿತ್ತು. ಅದು ಯಾರದೂ ಅಲ್ಲದ ದನಿ. ತದಡಿಯಲ್ಲಿ ಐಸ್ ಫ್ಯಾಕ್ಟರಿ ನಡೆಸುತ್ತಿದ್ದ ಯಮುನಾಳ ಗಂಡ ಮಹಾಬಲನಿಗೆ ಅದನ್ನು ಕೇಳಿದರೆ ಆಗುತ್ತಿರಲಿಲ್ಲ.

‘ಊಟ ಆಯ್ತಾ ಮಾಬ್ಲ?’ ಎಂದು ಅವಳು ಕೇಳಿದರೆ ‘ಆಯ್ತು’ ಎನ್ನುತ್ತಿದ್ದ. ‘ಐಸ್ ಫ್ಯಾಕ್ಟರಿ ಹ್ಯಾಂಗಿದೆ?’ ಎಂದರೆ ‘ಅಡ್ಡಿಲ್ಲ’. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಒಂದು ಸಂಜೆ ಅವಳೇ ಕೆಣಕಿದಳು, ‘ಎಂತಕ್ಕೆ ಮಾತಾಡೂದಿಲ್ಲ ನೀನು?’

‘ಯಾರ ಹತ್ರ ಮಾತಾಡೂದು?’ ಎಂದ ಅವನು. ‘ನಿನ್ ಹೆಸರು ಹೇಳ್ಕಂಡು ಯಾರೋ ಫೋನು ಮಾಡ್ದ ಹಾಂಗೆ ಆಗ್ತದೆ. ನಾ ಎಂತ ಹೇಳ್ಲಿ ಅವ್ಳ ಹತ್ರ?’

ಇಬ್ಬರೂ ಒಂದು ಕಾಲದಲ್ಲಿ ಒಂದೇ ಆರ್ಕೆಸ್ಟ್ರಾದಲ್ಲಿದ್ದವರು. ಅವಳು ಬೇಸ್, ಅವನು ಸೌಂಡ್ ಮಿಕ್ಸಿಂಗ್. ರಸಮಂಜರಿ ಶುರುವಾಗುವ ಮೊದಲು ಅವನು ಚಪ್ಪರದ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ವೇದಿಕೆಯ ಮೇಲಿನ ಅವಳಿಗೆ ಕೈಸನ್ನೆಯಲ್ಲೇ ‘ತಗ್ಸು’, ‘ಏರ್ಸು’ ಎಂದು ಹೇಳುತ್ತಿದ್ದ. ಮದುವೆಯಾದದ್ದೂ ಆ ಸನ್ನೆಗಳಲ್ಲೇ ಎಂದು ಗೆಳೆಯರು ಗೇಲಿ ಮಾಡುತ್ತಿದ್ದರು. ಈಗ ಆ ಮನುಷ್ಯನ ಕಿವಿಗೆ ತನ್ನ ದನಿ ಸಿಗುತ್ತಿಲ್ಲವೆಂದು ಅವಳಿಗೆ ಸಂಕಟವಾಯಿತು. ಆದರೆ ಯಮುನಾ ಸಂಕಟಪಡುತ್ತಾ ಕೂರುವ ಪೈಕಿಯಲ್ಲ. ಗಂಟಲನ್ನು ಹೀಲಿಯಂ ಕೆಡಿಸುತ್ತದೆ, ತಂತಿಯನ್ನು ಕೆಡಿಸಲಾರದು. ತಂತಿಯ ಶ್ರುತಿ ನಿಂತಿರುವುದು ಅದರ ಬಿಗಿತದ ಮೇಲೆ, ಭಾರದ ಮೇಲೆ. ಹಾಗಾದರೆ ಕೆಟ್ಟಿರುವುದು ಆಂಪ್ಲಿಫೈಯರಿನ ಸ್ಪೀಕರ್ ಪೆಟ್ಟಿಗೆ ಮಾತ್ರ. ಅದನ್ನು ಸರಿ ಮಾಡಿದರೆ ಮಾಬ್ಲನಿಗೆ ನನ್ನ ಕೈಯಾದರೂ ಕೇಳುತ್ತದೆ ಎಂದು ಅವಳು ಲೆಕ್ಕ ಹಾಕಿದಳು.

ಆಂಪಿನಲ್ಲಿ ಸದ್ದಿನ ಹದ ತಿದ್ದುವ ಈಕ್ವಲೈಸರಿಗೆ ನಾಲ್ಕು ತಿರುಪುಗಳು: ತಗ್ಗಿನ ಸದ್ದಿಗೊಂದು, ಅದರ ಮೇಲಿನ ನಡುವಿಗೊಂದು, ಇನ್ನೂ ಮೇಲಿನ ನಡುವಿಗೊಂದು, ಚೂಪು ಸದ್ದಿಗೊಂದು. ತಗ್ಗಿನದನ್ನು ಪೂರ್ತಿ ಏರಿಸಿದಳು. ಸ್ಪೀಕರ್ ನರಳಿತು, ಮಂದ್ರ ಮಾತ್ರ ಬರಲಿಲ್ಲ.

ರವೂಫ್ ಅಡುಗೆಮನೆಗೆ ಬಂದು ನೋಡಿ ತಲೆಯಾಡಿಸಿದರು. ‘ಅದನ್ನ ಸುಡ್ತೀರಿ ನೀವು. ಇಲ್ಲಿ ಒತ್ತಡ ಮೇಲಿನದಕ್ಕಿಂತ ಹದಿಮೂರು ಪಟ್ಟು. ಸ್ಪೀಕರಿನ ಹಿಂದೆ ಡಬ್ಬಿಯಲ್ಲಿ ಸಿಕ್ಕಿಕೊಂಡ ಗಾಳಿ ಇದೆಯಲ್ಲ, ಅದು ಈಗ ಗಾಳಿಯಲ್ಲ, ಲಾರಿಯ ಸ್ಪ್ರಿಂಗು. ಆ ಕಾಗದದ ಕೋನು ಅಲುಗೋದು ಹೇಗೆ?’

‘ಹಾಗಾದ್ರೆ ಡಬ್ಬಿಯೇ ಬೇಡ ಸರ್’ ಎಂದು ಯಮುನಾ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು.

ಪೆಟ್ಟಿಗೆಯಲ್ಲಿದ್ದದ್ದು ಎರಡು ಸ್ಪೀಕರು. ಎರಡನ್ನೂ ಬಿಚ್ಚಿ, ಕೋನು ತೆಗೆದು, ಅಲುಗುವ ಸುರುಳಿಗೆ ಬೀರಣ್ಣ ಕಡೆದುಕೊಟ್ಟ ಉಕ್ಕಿನ ಬಿಲ್ಲೆ ಅಂಟಿಸಿ, ಒಂದನ್ನು ಅಡುಗೆಮನೆಯ ಗೋಡೆಗೆ, ಇನ್ನೊಂದನ್ನು ಉದ್ದ ತಂತಿ ಎಳೆದು ಮಲಗುವ ಉರುಳೆಯ ಗೋಡೆಗೆ ಬಿಗಿದಳು. ಇನ್ನು ಮೇಲೆ ಗಾಳಿಯನ್ನು ನಡುಗಿಸುವ ಕೆಲಸ ಗೋಡೆಯದು. ಮೊದಲ ಸಲ ಮೀಟಿದಾಗ ಅಡುಗೆಮನೆಯ ತಟ್ಟೆಗಳೆಲ್ಲ ಕುಣಿದವು. ಲಿಯೊನಾ ಕಂಬಳಿ ಹೊದ್ದುಕೊಂಡೇ ಓಡಿ ಬಂದಳು.

ದನಿ ದೊಡ್ಡದಾಯಿತು, ಒಳ್ಳೆಯದಾಗಿರಲಿಲ್ಲ. ಅದನ್ನು ಒಳ್ಳೆಯದು ಮಾಡಿದ್ದು ಮಹಾಬಲ. ತಿದ್ದುಪೆಟ್ಟಿಗೆಯನ್ನು ಬದಿಗಿಟ್ಟು ಗಿಟಾರಿನ ಸದ್ದನ್ನು ಮೈಕಿನಿಂದ ನೇರ ದಡಕ್ಕೆ ಹರಿಸಿದಳು.

‘ಈ ಎಡಗೈ ಬೆರಳು ಜಾರ್ಸೂದು ನೀನೇ’ ಎಂದ ಮಹಾಬಲ. ‘ಆದ್ರೆ ಮೂಗು ಕಟ್ಟಿದೆಯಲ್ಲೆ ಮಾರಾಯ್ತಿ. ಮೇಲಿನ ನಡು ತಗ್ಸು. ಇನ್ನೂ. ಹಾಂ. ಈಗ ತಗ್ಗಿಂದನ್ನ ಅಷ್ಟು ಏರ್ಸಿ ಇಟ್ಕಣೂದು ಎಂತಕ್ಕೆ? ಬೇಡದ್ದನ್ನ ಕಡಿ, ಬೇಕಾದ್ದು ತಾನೇ ಮೇಲೆ ಬರ್ತದೆ.’

ಉಕ್ಕಿನ ಗೋಡೆಗೆ ತನ್ನದೇ ಒಂದು ಮೊಳಗುವ ಸ್ವರವಿತ್ತು. ಆ ಜಾಗವನ್ನು ಹುಡುಕಿ ಇಳಿಸಿದಳು. ಚೂಪು ಸದ್ದನ್ನು ಅರ್ಧ ಮುಚ್ಚಿದಳು. ತಗ್ಗನ್ನು ನಡುವಿಗೆ ತಂದಳು. ಬೀರಣ್ಣ ನೀರಿನ ಡಬ್ಬಿಯ ಮೇಲೆ ತಾಳ ಹಾಕಿದ. ದುಂಡಗಿನ, ಬೆಚ್ಚನೆಯ ಮಂದ್ರ ಗೋಡೆಯಿಂದ ಹೊರಟು ಎಲ್ಲರ ಬೆನ್ನಿಗೆ ತಾಗಿತು. ದಡದಲ್ಲಿ ಐಸ್ ಫ್ಯಾಕ್ಟರಿಯ ಕಚೇರಿಯಲ್ಲಿ ಕೂತಿದ್ದ ಮಹಾಬಲ ಅವತ್ತು ಮಾತಾಡಿದ್ದೇ ಮಾತಾಡಿದ್ದು: ಬಂಗಡೆಗೆ ಬಂದ ರೇಟು, ಅತ್ತೆಯ ಮಂಡಿನೋವು, ಪಕ್ಕದ ಮನೆಯವರು ಕಟ್ಟಿದ ಕಾಂಪೌಂಡು. ತಿದ್ದುಪೆಟ್ಟಿಗೆಯ ದನಿಯಲ್ಲಿ ಅವಳು ಉತ್ತರ ಕೊಟ್ಟರೂ ಅವನಿಗೀಗ ಅದು ಅಡ್ಡಿಯಾಗಲಿಲ್ಲ. ಆಚೆ ಇರುವವಳು ಯಾರೆಂದು ಗೊತ್ತಾಗಿತ್ತು.

ಅಂದಿನಿಂದ ಸಂಜೆಯ ಹೊತ್ತು ಅದೊಂದು ಆಟವೇ ಆಯಿತು. ಯಮುನಾ ಕಾಲಿನ ಸ್ವಿಚ್ಚು ಒತ್ತಿ ಒಂದು ಸಾಲನ್ನು ಅಡುಗೆಮನೆ ಗೋಡೆಯಲ್ಲಿ ನುಡಿಸುವಳು, ಅದರ ಮರುಸಾಲನ್ನು ಮಲಗುವ ಗೋಡೆಯಲ್ಲಿ. ಬೀರಣ್ಣ ಓಣಿಯಲ್ಲಿ ಕಾಲು ಚಾಚಿ ಕೂತು, ‘ಅತ್ತೆ ಕೇಳ್ತದೆ, ಸೊಸೆ ಹೇಳ್ತದೆ’ ಎಂದು ನಗುವನು. ದಪ್ಪ ಸ್ವರದ ಸಾಲು ಅತ್ತೆ, ಅಡುಗೆಮನೆಯದು. ತೆಳು ಸ್ವರದ್ದು ಸೊಸೆ. ರವೂಫ್ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು.

*

ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾಗಿದ್ದ ದಿನಗಳು. ಮಧ್ಯಾಹ್ನದ ಊಟವಾದ ಮೇಲೆ ಬೀರಣ್ಣ ಕೊರೆಯುವ ಜಾಗಕ್ಕೆ ಹೋಗಿದ್ದ. ಜೊತೆಗೆ ಹೋದ ಲಿಯೊನಾ ಒಂದು ಮಾದರಿ ಹಿಡಿದು ಆಗಷ್ಟೇ ಬಾಗಿಲಿಗೆ ಮರಳಿದ್ದಳು. ಯಮುನಾ ಕಂಟ್ರೋಲ್ ಕೋಣೆಯಲ್ಲಿ ದಡದ ಲೈನಿನ ಮೇಲೆ ಮಹಾಬಲನೊಡನೆ ಮಾತಾಡುತ್ತಿದ್ದಾಗ ನೆಲ ಅದುರಿತು. ಕಿಟಕಿಯ ದೀಪದ ಬೆಳಕಿನಲ್ಲಿ ಕಾಣುತ್ತಿದ್ದ ನೀರು ಒಂದೇ ಏಟಿಗೆ ಕಾಫಿಯ ಗಸಿಯಂತಾಯಿತು.

ಕೆಸರಿನ ಕೆಳಗಿನ ಅನಿಲ ಒಡೆದು ಬಂದಿತ್ತು. ‘ಬೀರಣ್ಣ, ಕೇಳ್ತದಾ? ಬೀರಣ್ಣ!’ ಎಂದು ಯಮುನಾ ಕರೆದಳು. ಉತ್ತರ ಬರಲಿಲ್ಲ. ಹೊರಗಿನವರೊಡನೆ ಮಾತಾಡುವ ಯಂತ್ರ ಕಿವಿಗೆ ಕೇಳದಷ್ಟು ಚೂಪಾದ ಸ್ವರದ ಮೇಲೆ ಮಾತನ್ನು ಹೇರಿ ನೀರಿನಲ್ಲಿ ಕಳಿಸುವಂಥದು. ಕೋಟಿ ಗುಳ್ಳೆಗಳು ಅಂಥ ಸ್ವರವನ್ನು ಹತ್ತಿಯಂತೆ ಹೀರಿಬಿಡುತ್ತವೆ. ಬೀರಣ್ಣನ ದಾರಿಹಗ್ಗವನ್ನು ಎಳೆದರೆ ತುಂಡಾದ ತುದಿ ಬಂತು. ಅವನ ಬೆನ್ನಿನ ಯಂತ್ರ ಉಸಿರನ್ನು ಶುದ್ಧ ಮಾಡಿ ಮರಳಿ ಕೊಡುತ್ತಲೇ ಇರುತ್ತದೆ, ಆದರೆ ಅದೂ ಹೆಚ್ಚು ಹೊತ್ತಲ್ಲ. ಕತ್ತಲ ಕೆಸರಿನಲ್ಲಿ ಅವನು ತಪ್ಪು ದಿಕ್ಕಿಗೆ ನಡೆದರೆ ಮುಂದಿರುವುದು ಜಾರು.

‘ನಾನು ಹೋಗ್ತೀನಿ’ ಎಂದು ಲಿಯೊನಾ ಮತ್ತೆ ಮುಖವಾಡ ಎತ್ತಿಕೊಂಡಳು.

‘ಬೇಡ. ಒಬ್ಬರ ಬದಲು ಇಬ್ಬರನ್ನ ಕಳ್ಕೋಬೇಕಾಗ್ತದೆ’ ಎಂದರು ರವೂಫ್. ಸುತ್ತಿಗೆ ತೆಗೆದುಕೊಂಡು ನಿಯಮದಲ್ಲಿದ್ದಂತೆ ಗೋಡೆಗೆ ಠಣ್ ಠಣ್ ಎಂದು ಬಡಿಯತೊಡಗಿದರು. ಯಮುನಾ ಕೊರೆಯುವ ಜಾಗದಲ್ಲಿ ನೆಟ್ಟಿದ್ದ ನೀರೊಳಗಿನ ಮೈಕಿಗೆ ಜೋಡಿಸಿದ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡಳು. ಬೀರಣ್ಣ ಎಲ್ಲಿದ್ದರೂ ಅದರ ಸುತ್ತಮುತ್ತಲೇ ಇರಬೇಕು. ಅದಕ್ಕೆ ಕೇಳಿದ್ದು ಅವನಿಗೂ ಕೇಳುತ್ತದೆ. ಸುತ್ತಿಗೆಯ ಸದ್ದು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಗುಳ್ಳೆಗಳ ಭೋರ್ಗರೆತವೇ ಕೇಳುತ್ತಿತ್ತು.

‘ಸರ್, ಸುತ್ತಿಗೆ ನಿಲ್ಸಿ. ಗೋಡೆ ನಂಗೆ ಬಿಡಿ.’

ರವೂಫ್ ಅವಳ ಮುಖ ನೋಡಿದರು. ಅವಳು ಆಗಲೇ ಗಿಟಾರಿನ ಪಟ್ಟಿ ಹೆಗಲಿಗೇರಿಸಿದ್ದಳು. ಸುತ್ತಿಗೆ ಕೆಳಗಿಟ್ಟರು.

ಸಂಜೆಯ ಆಟದ ಹದದಲ್ಲೇ, ದುಂಡಗಿನ ಮಂದ್ರದಲ್ಲೇ ಅವಳು ಅತ್ತೆಯ ಸಾಲು ಬಾರಿಸಿದಳು. ಕೋಣೆ ತುಂಬಿ ಹೋಯಿತು. ಆದರೆ ಮೈಕಿನಲ್ಲಿ ಕೇಳಿದ್ದು ಬರೀ ಒಂದು ಗುಂಯ್. ಅದು ಅವಳ ತಂತಿಯದಲ್ಲ, ಕೊರೆಯುವ ಜಾಗದ ಪಂಪಿನದು. ಅದು ತಗ್ಗಿನ ಸ್ವರದಲ್ಲೇ ಗುನುಗುತ್ತ ಅವಳ ಮಂದ್ರವನ್ನು ಪೂರ್ತಿ ನುಂಗುತ್ತಿತ್ತು.

‘ಆ ಪಂಪು ನಿಲ್ಸೂದಕ್ಕಾಗ್ತದಾ ಸರ್?’

‘ನಿಲ್ಲಿಸಿದ್ರೆ ಕೊರೆದ ಬಾವಿಯ ಬಾಯಿ ಪೂರ್ತಿ ಸಿಡೀತದೆ. ಆಗಲ್ಲ.’

ದಡದ ಲೈನು ಇನ್ನೂ ತೆರೆದೇ ಇತ್ತು. ಮಹಾಬಲನಿಗೆ ಎಲ್ಲ ಕೇಳಿಸಿತ್ತು. ‘ಯಮುನಾ’ ಎಂದ ಅವನು, ‘ಆ ಮೈಕಿನ ಸದ್ದು ನಂಗೂ ಕೊಡು.’

ಅವಳು ಕೊಟ್ಟಳು. ಅವನು ಕೇಳಿಸಿಕೊಂಡ. ಅವನ ದನಿಯಲ್ಲಿ ಗಾಬರಿಯಿರಲಿಲ್ಲ. ಹಳೆಯ ಚಪ್ಪರದ ಕೊನೆಯ ಸಾಲಿನಲ್ಲಿ ಕೂತವನ ನಿಧಾನವಿತ್ತು. ‘ಕೆಳಗೆ ಪಂಪು ಕೂತಿದೆ. ಮೇಲೆ ಗುಳ್ಳೆ ಕೂತಿದೆ. ಇದು ನಮ್ ಆರ್ಕೆಸ್ಟ್ರಾದ ಶಂಕರನ ಕೀಬೋರ್ಡು, ರಾಮದಾಸನ ಝಲ್ಲರಿ ಇದ್ದ ಹಾಂಗೇ ಅಲ್ದಾ? ನಡುವಿಗೆ ಒಂದು ಕಿಂಡಿ ಇರ್ಲೇಬೇಕು. ತಗ್ಗು ಪೂರ್ತಿ ಕಡಿ.’

ಬೇಸ್ ಬಾರಿಸುವವಳಿಗೆ ತಗ್ಗನ್ನು ಕಡಿ ಎನ್ನುವುದೆಂದರೆ ಅಡುಗೆಯವಳಿಗೆ ಉಪ್ಪು ತೆಗಿ ಎಂದ ಹಾಗೆ. ಆದರೂ ಅವಳು ಆ ತಿರುಪನ್ನು ಕೊನೆಯವರೆಗೆ ಹಿಂದಕ್ಕೆ ತಿರುಗಿಸಿದಳು. ಚೂಪು ಸದ್ದನ್ನೂ ಮುಚ್ಚಿದಳು. ಕೆಳಗಿನ ನಡುವನ್ನು ಮೆಲ್ಲಗೆ ಏರಿಸುತ್ತ, ಒಂದೇ ಸ್ವರವನ್ನು ಬಿಡದೆ ಮೀಟುತ್ತ, ಕಣ್ಣು ಮುಚ್ಚಿ ಮೈಕಿನಲ್ಲಿ ತನ್ನನ್ನು ತಾನು ಹುಡುಕಿದಳು. ಕೋಣೆಯಲ್ಲಿ ಆ ಸದ್ದು ತಗಡು ಗೀರಿದಂತೆ ಅಸಹ್ಯವಾಗುತ್ತ ಹೋಯಿತು. ಲಿಯೊನಾ ಕಿವಿ ಮುಚ್ಚಿಕೊಂಡಳು.

‘ಅಲ್ಲಿ!’ ಎಂದು ಇಬ್ಬರೂ, ಅವಳು ಇಲ್ಲಿಂದ, ಅವನು ದಡದಿಂದ, ಒಟ್ಟಿಗೆ ಕೂಗಿದರು.

ಪಂಪಿನ ಗುನುಗಿಗೂ ಗುಳ್ಳೆಯ ಭೋರಿಗೂ ನಡುವಿನ ಸಂದಿಯಿಂದ ಅವಳ ಸ್ವರ ಗೂಟ ಹೊಡೆದಂತೆ ಸ್ಪಷ್ಟವಾಗಿ ಬಂದಿತ್ತು. ‘ನೀರಿನಲ್ಲಿ ಮುಳುಗಿದವನ ತಲೆಬುರುಡೆಯೇ ಅವನ ಕಿವಿ. ಈ ಸ್ವರವನ್ನ ಅದು ಚೆನ್ನಾಗಿ ಹಿಡೀತದೆ’ ಎಂದಳು ಲಿಯೊನಾ, ಮುಚ್ಚಿದ ಕಿವಿಯಿಂದ ಕೈ ತೆಗೆಯುತ್ತ.

ಆದರೆ ದಿಕ್ಕು? ನೀರಿನಲ್ಲಿ ಸದ್ದು ಎಷ್ಟು ಬೇಗ ಬರುತ್ತದೆಂದರೆ ಎರಡು ಕಿವಿಗೂ ಒಟ್ಟಿಗೇ ತಲುಪಿದಂತಾಗಿ, ಎಲ್ಲಿಂದ ಬಂತೆಂದು ಮನುಷ್ಯನಿಗೆ ತಿಳಿಯುವುದೇ ಇಲ್ಲ. ಯಮುನಾ ಕಾಲಿನ ಸ್ವಿಚ್ಚು ಒತ್ತಿದಳು. ಅಡುಗೆಮನೆಯ ಗೋಡೆಯಲ್ಲಿ ಅತ್ತೆಯ ಸಾಲು. ಮಲಗುವ ಗೋಡೆಯಲ್ಲಿ ಸೊಸೆಯ ಸಾಲು. ಎರಡು ಉರುಳೆಗಳ ನಡುವೆ ರಬ್ಬರಿನ ಓಣಿ ಇದ್ದುದರಿಂದ ಒಂದರ ಸದ್ದು ಇನ್ನೊಂದಕ್ಕೆ ಹಾಯುತ್ತಿರಲಿಲ್ಲ. ಅತ್ತೆಯ ದನಿ ಜೋರಾದರೆ ಅವನು ಅಡುಗೆಮನೆಯ ಕಡೆ ಸರಿದಿದ್ದಾನೆ. ಸೊಸೆಯ ದನಿ ಜೋರಾದರೆ ಮಲಗುವ ಉರುಳೆಯ ಕಡೆ. ಎರಡೂ ಸಮವಾಗಿ, ಎರಡೂ ಏರುತ್ತ ಬಂದರೆ ನೇರ ಬಾಗಿಲಿಗೇ ಬರುತ್ತಿದ್ದಾನೆ. ಎರಡೂ ಕ್ಷೀಣವಾದರೆ ಬೆನ್ನು ತಿರುಗಿಸಬೇಕು. ಇದನ್ನು ಬೀರಣ್ಣನಿಗೆ ಯಾರೂ ಕಲಿಸಿರಲಿಲ್ಲ. ಆದರೆ ಎಷ್ಟೋ ಸಂಜೆ ಅವನು ಆ ಎರಡರ ನಟ್ಟನಡುವೆಯೇ ಕೂತಿದ್ದನಲ್ಲ!

ಅವಳು ಬಾರಿಸಿದಳು. ಬೆರಳ ತುದಿ ಉರಿಯತೊಡಗಿತು. ನಡುವೆ ಮಹಾಬಲ ಮಾತಾಡುತ್ತಲೇ ಇದ್ದ. ‘ಸೊಸೆ ಸ್ವಲ್ಪ ಬಡವಿ ಆಗ್ತಿದ್ದಾಳೆ. ಆ ಕಡೆ ಏರ್ಸು. ಸಾಕು. ಹದ ಕೆಡಿಸ್ಬೇಡ. ತಾಳ ಓಡಿಸ್ಬೇಡ, ಅಂವ ನಡೀತಾ ಬರ್ಬೇಕು, ಓಡ್ತಾ ಅಲ್ಲ.’ ರವೂಫ್ ಓಣಿಯ ಬಾಗಿಲಿನ ಅಂಚಿನಲ್ಲಿ ಮಂಡಿಯೂರಿ, ಕದಡಿದ ಕಂದು ನೀರಿನೊಳಗೆ ದೀಪ ಹಿಡಿದು ಕೂತಿದ್ದರು. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯಿರಬೇಕು, ಅಥವಾ ಅವರೂ ಸಾಲು ಹಾಡುತ್ತಿದ್ದರೋ ಏನೋ.

ಮೊದಲು ಕಂಡದ್ದು ಕೆಸರು ಮೆತ್ತಿದ ಒಂದು ಕೈಗವಸು. ಬಾಗಿಲಿನ ಏಣಿಯನ್ನು ತಡವಿ ಹಿಡಿಯಿತು. ರವೂಫ್ ಮತ್ತು ಲಿಯೊನಾ ಇಬ್ಬರೂ ಸೇರಿ ಬೀರಣ್ಣನನ್ನು ಮೇಲೆಳೆದರು. ಮುಖವಾಡ ಕಿತ್ತಾಗ ಅವನ ತುಟಿ ನೀಲಿಯಾಗಿತ್ತು, ಆದರೆ ಕಣ್ಣು ಬೆಳಗುತ್ತಿತ್ತು.

‘ಯಮುನಕ್ಕ’ ಎಂದ ಅವನು ಏದುಸಿರಿನಲ್ಲಿ, ‘ಎಂತಾ ಕೆಟ್ಟದಾಗಿ ಬಾರ್ಸ್ತಿದ್ಯೆ ಮಾರಾಯ್ತಿ!’

ಗಿಟಾರಿನ ಮೇಲೆ ತಲೆಯಿಟ್ಟು ಯಮುನಾ ನಕ್ಕಳು, ಅತ್ತಳು. ಬಾತುಕೋಳಿಗಳ ಗುಂಪಿಗೇ ಹುಚ್ಚು ಹಿಡಿದಂತೆ ಕೋಣೆ ತುಂಬ ಗದ್ದಲ. ದಡದ ಲೈನಿನಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಯಾರೋ ಮೂಗು ಸೀನಿದ ಸದ್ದು, ಇಷ್ಟು ಕೇಳಿಸಿತು.

*

ಸುದ್ದಿ ಮೇಲಕ್ಕೆ ಹೋಯಿತು. ನಿಲಯಗಳನ್ನು ನಡೆಸುವ ಕಚೇರಿಯಿಂದ ಒಬ್ಬ ಅಧಿಕಾರಿ ಲೈನಿಗೆ ಬಂದು, ಇನ್ನು ಮುಂದೆ ಎಲ್ಲ ನಿಲಯಗಳ ಗೋಡೆಗೂ ಇಂಥದ್ದೇ ಬಿಗಿಯುತ್ತೇವೆ ಎಂದರು. ‘ನಾಲ್ಕು ತಿರುಪು ಎಲ್ಲೆಲ್ಲಿ ಇಡಬೇಕು ಹೇಳಿಬಿಡಿ, ಅದನ್ನೇ ನಿಯಮ ಮಾಡ್ತೇವೆ.’

‘ಹಾಗೆ ಹೇಳ್ಲಿಕ್ಕಾಗೂದಿಲ್ಲ ಸರ್’ ಎಂದಳು ಯಮುನಾ ಖಡಾಖಂಡಿತವಾಗಿ. ‘ನಾ ಕೋಣೆಯೊಳಗೆ ಕೂತು ಒಳ್ಳೇದಾಗಿದೆ ಅಂದ್ಕಂಡ ಹದ ಹೊರಗೆ ಸತ್ತೇ ಹೋಗಿತ್ತು. ಪ್ರತಿ ನಿಲಯದ್ದೂ ಬೇರೆ ಗೋಡೆ, ಬೇರೆ ಪಂಪು. ಯಾರು ಕೇಳ್ಬೇಕೋ ಅವ್ರು ನಿಂತ ಜಾಗಕ್ಕೆ ಹೋಗಿ ಕೇಳಿ, ಆಮೇಲೆ ತಿರುಪು ಮುಟ್ಬೇಕು. ಅದೊಂದೇ ನಿಯಮ ಬರ್ಕಳಿ.’

ಅಧಿಕಾರಿ, ‘ಹಾಗಾದ್ರೆ ಕಲಿಸಲಿಕ್ಕೆ ನೀವೇ ಬರಬೇಕಾಗ್ತದೆ’ ಎಂದರು. ರವೂಫ್ ಪಕ್ಕದಿಂದ, ‘ಅವರು ಬರ್ತಾರೆ. ಅವರ ಜೊತೆ ದಡದ ಆ ಕಿವಿಯವರನ್ನೂ ಸೇರಿಸಿಕೊಳ್ಳಿ’ ಎಂದು ಸೇರಿಸಿದರು. ಮಹಾಬಲ ಅಂದು ಸಂಜೆ, ಐಸ್ ಫ್ಯಾಕ್ಟರಿಯನ್ನು ಭಾವನಿಗೆ ವಹಿಸಿ ಬರಬಹುದು, ಅದೇನು ದೊಡ್ಡ ಮಾತಲ್ಲ ಎಂದು ಬಿಂಕದಿಂದಲೇ ಹೇಳಿದ.

ಅದಕ್ಕೂ ಮೊದಲು ಯಮುನಾಳಿಗೆ ಒಂದು ಕೆಲಸ ಬಾಕಿಯಿತ್ತು. ಕೆಸರು ಕೆಳಗಿಳಿದು ನೀರು ತಿಳಿಯಾದ ಮೇಲೆ, ಗಿಟಾರನ್ನು ಬೀರಣ್ಣನ ಕೊರಳಿಗೆ ಹಾಕಿ, ಎರಡು ಸಾಲು ಹೇಗೆ ಮೀಟಬೇಕೆಂದು ತೋರಿಸಿ, ಲಿಯೊನಾಳನ್ನು ಜೊತೆ ಮಾಡಿಕೊಂಡು ಅವಳು ಬಾಗಿಲಿಗಿಳಿದಳು. ಇಷ್ಟು ವರ್ಷ ಬಾರಿಸಿದ್ದಳು. ಯಾವತ್ತೂ ಆಂಪಿನ ಪಕ್ಕದಲ್ಲೇ ನಿಂತು. ಆಚೆ ಕೂತವರಿಗೆ ತನ್ನ ವಾದ್ಯ ಹೇಗೆ ತಲುಪುತ್ತದೆಂದು ಅವಳ ಕಿವಿಗೇ ಗೊತ್ತಿರಲಿಲ್ಲ.

ಕೊರೆಯುವ ಜಾಗದವರೆಗೆ ನಡೆದು, ದೀಪ ಆರಿಸಿ, ನಿಂತಳು. ಕಪ್ಪು ನೀರು. ಪಂಪಿನ ಗುನುಗು. ದೂರದಲ್ಲಿ ನಿಲಯದ ಕಿಟಕಿ ಮಿಣುಕು ಹುಳದಷ್ಟು. ಆಗ ಬೀರಣ್ಣನ ಒರಟು ಬೆರಳು ಮೀಟಿದ ಸ್ವರ ಗೋಡೆಯಿಂದ ಹೊರಟು, ಕಡಲನ್ನು ಹಾಯ್ದು, ಅವಳ ದವಡೆಯ ಮೂಳೆಯಲ್ಲಿ, ನೆತ್ತಿಯಲ್ಲಿ, ಹಲ್ಲುಗಳ ಬುಡದಲ್ಲಿ ಮೊಳಗಿತು. ತಾಳ ತಪ್ಪಿತ್ತು. ಒಂದು ಸ್ವರ ಪೂರ್ತಿ ಬೇರೆಯೇ ಆಗಿತ್ತು. ಆದರೂ ಯಮುನಾ ಕೇಳುತ್ತಲೇ ನಿಂತಳು.

‘ಹ್ಯಾಂಗೆ ಕೇಳ್ತದೆ ಯಮುನಕ್ಕ?’ ಎಂದು ಯಂತ್ರದಲ್ಲಿ ಬೀರಣ್ಣ ಕೇಳಿದ. ‘ತಿರುಪು ಎಂತಾದ್ರೂ ಅಲುಗಿಸ್ಬೇಕಾ?’

‘ಕೆಳಗಿನ ನಡು ಒಂದು ಕೂದಲೆಳೆಯಷ್ಟು ತಗ್ಸು’ ಎಂದಳು ಅವಳು. ‘ಹಾಂ, ಅಷ್ಟೇ. ಈಗ ಕೈ ತೆಗೀಬೇಡ, ಬಾರಿಸ್ತಾ ಇರು. ನಾ ಇನ್ನೂ ಸ್ವಲ್ಪ ದೂರ ಹೋಗ್ತೆ.’